ಆರು ಹೆಣ್ಣು ಮೀನು

ಟೊಲೀಡೊ ಊರಿನ ಮೀನು ಸಾಕುವವರ ಕ್ಲಬ್ಬಿನಲ್ಲಿ ಸ್ಟ್ಯಾನ್ ಕುಬಿಯಾಕ್‌ನ ಸಿಕ್ಲಿಡ್ ಮೀನುಗಳೆಂದರೆ ದೊಡ್ಡ ಹೆಸರು. ಬೆರಳುದ್ದದ ಮೀನು, ಬಾಲದಂಚಿಗೆ ಕುಂಕುಮದ ಕೆಂಪು. ಸ್ಟ್ಯಾನ್ ತೀರಿಕೊಂಡ ಚಳಿಗಾಲದಲ್ಲೇ ಹಿಮಗಾಳಿಗೆ ಕರೆಂಟು ಹೋಗಿ, ಹೆಂಡತಿ ಲೋರ್ನಾಳ ನೆಲಮಾಳಿಗೆಯ ತೊಟ್ಟಿಗಳು ತಣ್ಣಗಾಗಿ, ಕೊನೆಗೆ ಉಳಿದದ್ದು ಒಂದು ಮುದಿ ಗಂಡು. ಅದು ಸಾಯುವುದರೊಳಗೆ ಹೆಣ್ಣು ಸಿಗದಿದ್ದರೆ ಗಂಡನ ತಳಿ ಅಲ್ಲಿಗೆ ಮುಗಿಯಿತು. ಗಂಡನನ್ನು ಮಣ್ಣು ಮಾಡುವಾಗ ಅಳದ ಹೆಂಗಸು ಆ ಮೀನಿನ ಮುಂದೆ ಕೂತು ಅತ್ತಳು.

ಆ ತಳಿಯ ಹೆಣ್ಣು ಇನ್ನು ಇದ್ದದ್ದು ಸ್ಟ್ಯಾನ್‌ನ ಶಿಷ್ಯ ವರ್ನಾನ್ ಪಾಸೆಕ್‌ನ ಹತ್ತಿರ ಮಾತ್ರ. ಕ್ಲಬ್ಬಿನ ಸಭೆಯಲ್ಲಿ ಲೋರ್ನಾ ನಾಚಿಕೆ ಬಿಟ್ಟು ಕೇಳಿದಳು.

"ಒಂದು ಹೆಣ್ಣು ಕೊಡೋ ವರ್ನಾನ್."

"ಒಂದ್ಯಾಕೆ, ಆರು ತಗೋ. ಗುರುವಿನ ಮನೆಗೆ ಲೆಕ್ಕ ಇಡ್ತಾರಾ?"

ಸಭೆಯೆಲ್ಲ ಚಪ್ಪಾಳೆ ತಟ್ಟಿತು.

ಆರೂ ಪುಟ್ಟವು, ಮಾಸಲು ಹಳದಿ, ಥೇಟ್ ಹೆಣ್ಣುಗಳೇ. ಲೋರ್ನಾ ಮಳೆನೀರು ಹಿಡಿದು ಹಾಕಿದಳು, ಸೀಗಡಿ ಮೊಟ್ಟೆ ಒಡೆಸಿ ಮರಿ ತಿನ್ನಿಸಿದಳು. ಮುದಿ ಗಂಡು ಅವುಗಳ ಮುಂದೆ ರೆಕ್ಕೆ ಬಿಚ್ಚಿ ಕುಣಿದು ಕುಣಿದು ಸುಸ್ತಾಯಿತೇ ಹೊರತು ಮೊಟ್ಟೆಯ ಸುಳಿವಿಲ್ಲ. ವರ್ನಾನ್ ಆಗಾಗ ಫೋನ್ ಮಾಡುತ್ತಿದ್ದ.

"ಏನಮ್ಮಾ, ಮೊಟ್ಟೆ ಇಟ್ವಾ? ಇನ್ನೂ ಇಲ್ವಾ? ನಿನ್ ಕೈಗುಣಾನೇ ಸರಿಯಿಲ್ಲ ಬಿಡು."

ಇರಬಹುದು ಎಂದುಕೊಂಡಳು ಪಾಪ. ಒಂದು ದಿನ ಮುದಿ ಗಂಡು ಸತ್ತು ತೇಲಿತು. ಅದಾದ ವಾರದಲ್ಲೇ ಆರು 'ಹೆಣ್ಣು'ಗಳಿಗೂ ರೆಕ್ಕೆ ನೀಳವಾಗಿ, ಬಾಲಕ್ಕೆ ಕೆಂಪೇರಿತು. ದೊಡ್ಡ ಗಂಡು ದರ್ಬಾರು ಮಾಡುವಷ್ಟು ದಿನ ಎಳೆಯ ಗಂಡುಗಳು ಹೆಣ್ಣಿನ ವೇಷದಲ್ಲೇ ಉಳಿಯುತ್ತವೆ. ಲೋರ್ನಾಳಿಗೆ ಅದು ಗೊತ್ತಿಲ್ಲದ್ದೇನಲ್ಲ. ಆಸೆ ಕಣ್ಣು ಕಟ್ಟಿತ್ತು, ಅಷ್ಟೇ.

ಮುಂದಿನ ಸಭೆಯಲ್ಲಿ ನೇರ ಅವನ ಮುಂದೆ ಹೋಗಿ ನಿಂತಳು.

"ಆರಕ್ಕೆ ಆರೂ ಗಂಡು ಕೊಟ್ಟೆಯಲ್ಲೋ."

ವರ್ನಾನ್ ಕಾಫಿ ಕೆಳಗಿಡಲಿಲ್ಲ. "ಮರೀನ ಬಿಸಿನೀರಲ್ಲಿ ಬೆಳೆಸಿದ್ರೆ ಹೆಚ್ಚುಕಮ್ಮಿ ಎಲ್ಲಾ ಗಂಡೇ ಆಗೋದು. ತಳಿ ನಮ್ಮ ಕೈ ಬಿಟ್ಟು ಹೋಗ್ಬಾರದು ಅಂದ್ರೆ ಹಂಗೇ ಕೊಡೋದು. ನಿನ್ ಗಂಡನೇ ಕಲಿಸಿದ್ದು."

"ಸ್ಟ್ಯಾನ್ ಅಂಥೋನಲ್ಲ."

"ಹೌದಾ? ಇಷ್ಟು ವರ್ಷ ಹಂಚಿದ್ನಲ್ಲ, ಯಾರ ಮನೇಲಿ ಮರಿ ಆಗಿದೆ ಕೇಳು. ನನಗೂ ಹೆಣ್ಣು ಅವನು ಕೊಟ್ಟಿದ್ದಲ್ಲ. ಅವನು ಆಸ್ಪತ್ರೇಲಿದ್ದಾಗ ನಿಮ್ಮನೆ ತೊಟ್ಟಿಗೆ ನೀರು ಬದಲಾಯಿಸೋಕೆ ಬರ್ತಿದ್ದೆನಲ್ಲ, ಆಗ ಎತ್ಕೊಂಡು ಹೋದೆ."

ಲೋರ್ನಾ ಸುತ್ತ ನೋಡಿದಳು. ಸ್ಟ್ಯಾನ್‌ನಿಂದ ಮೀನು ಪಡೆದು, ಮರಿಯಾಗದೆ, ತಮ್ಮ ಕೈಯನ್ನೇ ಹಳಿದುಕೊಂಡಿದ್ದವರೆಲ್ಲ ಅಲ್ಲೇ ಕೂತಿದ್ದರು. ವರ್ನಾನ್‌ನ ಮೇಲಿನ ಸಿಟ್ಟೆಲ್ಲ ಅಲ್ಲೇ ಇಳಿದುಹೋಯಿತು. ಸಿಟ್ಟು ಮಾಡಬೇಕಾದದ್ದು ಯಾರ ಮೇಲೋ ಅವನು ಮಣ್ಣಿನಡಿ ಮಲಗಿದ್ದ.

ಮನೆಗೆ ಬಂದಾಗ ತೊಟ್ಟಿಯಲ್ಲಿ ಆರು ಗಂಡುಗಳ ಕಾಳಗ ಹತ್ತಿಕೊಂಡಿತ್ತು. ಒಂದರ ಬಾಲ ಆಗಲೇ ಹರಿದಿತ್ತು. ಇನ್ನೆರಡು ಸೋತು, ತಳದ ತೆಂಗಿನ ಚಿಪ್ಪುಗಳೊಳಗೆ ಅಡಗಿದ್ದವು. ಬೇರೆ ದಿನವಾಗಿದ್ದರೆ ನಡುವೆ ಗಾಜು ಇಳಿಬಿಟ್ಟು ಬಿಡಿಸುತ್ತಿದ್ದಳು. ಈಗ ಅಂಗಿಯ ತೋಳು ಮಡಚಿ ನೀರಿಗೆ ಕೈಹಾಕಿ, ಅಡಗಿದ್ದವನ್ನು ನೀರಿಗೇ ಕೊಡವಿ, ಚಿಪ್ಪುಗಳನ್ನು ಒಂದೊಂದಾಗಿ ಹೊರಗೆ ತೆಗೆದಳು. ಆಮೇಲೆ ಕುರ್ಚಿ ಎಳೆದುಕೊಂಡು ನೋಡುತ್ತ ಕೂತಳು.