ಗೋಡೆಗಿಂತ ಮೊದಲು ಬಟ್ಟೆ

ದರ್ಜಿಯ ಮನೆಯಲ್ಲಿ ಎರಡು ಕೋಣೆ, ಎಂಟು ಜನ. ಮಲಗಿ ಕಾಲು ಚಾಚಿದರೆ ಯಾರದೋ ತಲೆಗೆ ತಾಗುತ್ತಿತ್ತು.

"ಊರಾಚೆ ಬಾಡಿಗೆ ಮನೆ ನೋಡ್ತೀವಪ್ಪ," ಎಂದಳು ಮಗಳು.

ದರ್ಜಿ ಕತ್ತರಿ ಕೆಳಗಿಟ್ಟ. ಮೊಮ್ಮಕ್ಕಳು ಹೋದ ಮೇಲೆ ಮನೆಯೇನು, ಮಣ್ಣೇನು!

"ಯಾರೂ ಹೋಗೋದು ಬೇಡ. ಹಿತ್ತಿಲು ತುಂಬ ಕೋಣೆ ಕಟ್ಟಿಸ್ತೀನಿ!" ಎಂದು ಗುಡುಗಿದ.

ಪಕ್ಕದ ಮನೆಯ ಗಾರೆಯಕ್ಕ ಮೂವತ್ತು ವರ್ಷ ಗೋಡೆ ಕಟ್ಟಿದವಳು. ನಗರ ಯೋಜನೆಯ ಸಭೆಗಳಿಗೂ ಹೋಗಿ ಬರುತ್ತಿದ್ದಳು. ಬೇಲಿಯಾಚೆಯಿಂದಲೇ ಕೇಳಿದಳು, "ಹಿತ್ತಿಲ ಕಡೆ ನಿಮ್ಮಮ್ಮನ ಕಿಟಕಿ ಇದೆಯಲ್ಲ, ಅದಕ್ಕೇನು ಮಾಡ್ತೀಯ?"

"ಮುಂದೆ ಎರಡಡಿ ಬಿಡ್ತೀನಲ್ಲ!"

"ಎರಡಡೀಲಿ ಬೆಕ್ಕು ಓಡಾಡುತ್ತೆ, ಬೆಳಕು ಓಡಾಡಲ್ಲ ಕಣಣ್ಣ."

"ಜಾಗ ನಂದು. ನಿಂಗ್ಯಾಕೆ ಹೊಟ್ಟೆನೋವು?"

"ಕೋಪ ಆಮೇಲೆ ಮಾಡ್ಕೋ. ಗೋಡೆಗಿಂತ ಮೊದ್ಲು ಬಟ್ಟೆ ಕಟ್ಟಿ ನೋಡು. ಬಟ್ಟೆ ಆದ್ರೆ ಬಿಚ್ಚಬಹುದು."

ಮಾತು ನಾಟಿತು. ಕಚ್ಚಾ ಹೊಲಿಗೆ ಹಾಕಿ ನೋಡದೆ ಅವನು ಒಂದು ಅಂಗಿಯನ್ನೂ ಮುಗಿಸಿದವನಲ್ಲ.

ಮರುದಿನ ಬಿದಿರು ಗಳ ನೆಟ್ಟು, ಗೋಡೆ ಏಳುವಲ್ಲೆಲ್ಲ ಗೋಡೆಯಷ್ಟೇ ಎತ್ತರಕ್ಕೆ ದಪ್ಪ ಪರದೆ ಕಟ್ಟಿದ. ಹಿತ್ತಿಲಲ್ಲಿ ಬಟ್ಟೆಯ ಮನೆಯೊಂದು ಎದ್ದು ನಿಂತಿತು. ಅದರ ಗೋಡೆಗಳು ಗಾಳಿಗೆ ಮೆಲ್ಲಗೆ ಉಬ್ಬಿ ಮೆಲ್ಲಗೆ ಇಳಿದವು, ಯಾರೋ ನಿದ್ದೆಯಲ್ಲಿ ಉಸಿರಾಡಿದಂತೆ. ಮೊಮ್ಮಕ್ಕಳು ಇಲ್ಲದ ಬಾಗಿಲು ತಟ್ಟಿ ಒಳಗೆ ಹೋದರು. ದರ್ಜಿ ಹಿಗ್ಗಿದ.

ಮನೆಯೊಳಗೆ ಬಂದ. ದಿನವೂ ಗೋಡೆಯ ಮೇಲೆ ತೇಲುತ್ತಿದ್ದ ಬಿಸಿಲಿನ ತುಂಡು ಕಾಣಲಿಲ್ಲ. ಕಿಟಕಿಯ ಬಳಿ ಗುಂಡಿ ಹಚ್ಚುತ್ತಿದ್ದ ಅಮ್ಮ ಸೂಜಿಯನ್ನು ದಾರದುಂಡೆಗೆ ಚುಚ್ಚಿ ಎತ್ತಿಟ್ಟಳು.

"ಸಂಜೆ ಆಯ್ತಲ್ಲ ಮಗಾ, ದೀಪ ಹಾಕು."

ಗಡಿಯಾರದಲ್ಲಿ ಹನ್ನೆರಡು.

ದರ್ಜಿ ಹಿತ್ತಿಲಿಗೆ ಹೋಗಿ ಗಂಟು ಬಿಚ್ಚಿದ. ಪರದೆ ಜಾರಿತು. ಬಿಸಿಲು ಬೆಕ್ಕಿನಮರಿಯಂತೆ ಬಂದು ಅಮ್ಮನ ಮಡಿಲಲ್ಲಿ ಕೂತಿತು.

"ಹಾಗಾದ್ರೆ ಮಕ್ಕಳನ್ನ ಎಲ್ಲಿಡ್ಲಿ?" ಬೇಲಿಯಾಚೆಯ ಗಾರೆಯಕ್ಕನನ್ನು ಕೇಳಿದ. ದನಿ ಇಳಿದಿತ್ತು.

"ಮೇಲಿಡು! ಅಡಿಪಾಯ ತಾಳುತ್ತಾ ಅಂತ ಎಂಜಿನಿಯರ್ ನೋಡ್ಲಿ, ಇರೋ ಮನೆ ಮೇಲೇ ಎರಡು ಮಹಡಿ ಏರಿಸು. ಹಿತ್ತಿಲು ಬಿಡು. ನಂದೂ ಬಿಡ್ತೀನಿ, ನಡುವಿನ ಬೇಲಿ ಕೀಳೋಣ. ಜನ ಹೆಚ್ಚಾಗ್ಲಿ, ಉಸಿರು ಕಮ್ಮಿ ಆಗ್ಬಾರ್ದು."

"ನಿನ್ನ ಮನೆಗೆ ನೆರಳು ಬಿದ್ರೆ?"

"ಈಗ ಬುದ್ಧಿ ಬಂತು ನೋಡು! ಅದಕ್ಕೂ ಬಟ್ಟೆ ಕಟ್ಟಿ ನೋಡೋಣ."

ಹಾಗೇ ನೋಡಿ, ಅಳೆದು, ಮಹಡಿ ಕಟ್ಟಿಸಿದರು. ಮಗಳು ಊರಾಚೆ ಹೋಗಲಿಲ್ಲ. ಅಮ್ಮನ ಸೂಜಿಯೂ ನಿಲ್ಲಲಿಲ್ಲ.

ನೀವೂ ಕಟ್ಟಿಸುತ್ತೀರಾ? ಕಟ್ಟಿಸಿ. ನಿಮ್ಮವರನ್ನು ಹತ್ತಿರವೇ ಇಟ್ಟುಕೊಳ್ಳಿ. ನಿಮ್ಮ ಬೀದಿಯ ಯೋಜನೆಯ ಸಭೆಗೆ ಹೋಗಿ, ಗಾಳಿ ಬೆಳಕು ಎಲ್ಲಿ ಬಿಟ್ಟಿದ್ದೀರಿ ಎಂದು ಬಾಯಿಬಿಟ್ಟು ಕೇಳಿ. ಆದರೆ ಗೋಡೆಗಿಂತ ಮೊದಲು ಬಟ್ಟೆ ಕಟ್ಟಿ ನೋಡಿ. ನಡುಹಗಲಲ್ಲಿ ಯಾರ ಮನೆಗೂ ಸಂಜೆ ತರಬೇಡಿ.