ಬೀದಿ ಕಡೆಯ ಗೋಡೆ

"ಮುಟ್ಟಿ ನೋಡು! ನನ್ನ ಗೋಡೆಗೆ ಉಳಿ ತಾಗಿಸಿದವನ ಕೈ ಮುರೀತೀನಿ!"

ಗಾರೆ ಮೇಸ್ತ್ರಿ ಸಾರುವೆಯ ಮೇಲಿಂದಲೇ ಕೂಗಿದ. ಕೆಳಗೆ ಮನೆಯೊಡತಿಯ ಮೈದುನ ಸುರುಳಿ ಸುತ್ತಿದ ನಕ್ಷೆಯನ್ನು ದೊಣ್ಣೆಯ ಹಾಗೆ ಹಿಡಿದು ನಿಂತಿದ್ದ.

"ಯಾರ ಗೋಡೆ ರೀ ಅದು? ಅತ್ತಿಗೆ ಗೋಡೆ. ನೀವ್ಯಾರು ಕೇಳೋಕೆ?"

"ನಿಮ್ಮತ್ತಿಗೆ ಗೋಡೆಗೆ ಹನ್ನೊಂದು ದಿನ ಬೆವರು ಸುರಿಸಿದ್ದು ನೀನೋ ನಾನೋ?"

ಒಡತಿ ಟೇಲರ್. ಮನೆಯ ಮುಂದೆ, ಬೀದಿಗೆ ತಾಗಿದಂತೆ, ಹೊಲಿಗೆಗೆಂದು ಒಂದು ಕೋಣೆ ಕಟ್ಟಿಸಿದ್ದಳು. ಅದರ ಹೊರಗೋಡೆಗೆ ಮೇಸ್ತ್ರಿ ಗಿಲಾವು ಮಾಡಿ ಮುಗಿಸಿದ್ದ. ಬೆಳಗಿನ ಓರೆ ಬಿಸಿಲು ಬಿದ್ದರೆ ಎಂಥ ಗೋಡೆಯ ಉಬ್ಬು ತಗ್ಗೂ ನೆರಳಾಗಿ ಕಾಣಿಸಿಬಿಡುತ್ತದೆ. ಈ ಗೋಡೆಯ ಮೇಲೆ ಒಂದು ಎಳೆ ನೆರಳೂ ಇರಲಿಲ್ಲ. ದಿನಾ ಬೆಳಿಗ್ಗೆ ಅದಕ್ಕೆ ಕೆನ್ನೆ ಒತ್ತಿ, ಒಂದು ಕಣ್ಣು ಮುಚ್ಚಿ ನೋಡದಿದ್ದರೆ ಅವನಿಗೆ ಟೀ ಇಳಿಯುತ್ತಿರಲಿಲ್ಲ.

ಮೈದುನ ಕಟ್ಟಡಗಳ ಹೊರಮೈಗೆ ನೀಲಿ ಗಾಜು ಹೊದಿಸುವ ಅಂಗಡಿ ಹೊಸದಾಗಿ ತೆರೆದಿದ್ದ. ಮೊದಲ ಗಾಜು ಅತ್ತಿಗೆಯ ಮನೆಗೇ ಎಂದು ಹಟ. ಗಾಜು ಹಿಡಿದು ನಿಲ್ಲಬೇಕಾದರೆ ಗಿಲಾವಿನ ಉದ್ದಗಲಕ್ಕೂ ಉಳಿಯಿಂದ ಕಚ್ಚು ಹೊಡೆಯಬೇಕು. ಹೊಡೆದರೆ ಹನ್ನೊಂದು ದಿನ ಮಣ್ಣುಪಾಲು. ಕಿಟಕಿಯೂ ಗಾಜಿನ ಹಿಂದೆ ಮುಚ್ಚಿಹೋಗುತ್ತಿತ್ತು.

"ಇದಕ್ಕೆ ಫಸಾಡ್ ಅಂತಾರೆ. ನಿಮಗೆ ಅರ್ಥ ಆಗಲ್ಲ ಬಿಡಿ," ಎಂದ ಮೈದುನ.

ಅದು ಮೇಸ್ತ್ರಿಯ ನೆತ್ತಿಗೇರಿತು. ದಡದಡ ಇಳಿದು, ಸಿಮೆಂಟಿನ ಕಾಲಲ್ಲೇ ಒಳಗೆ ನುಗ್ಗಿದ. ಟೇಲರಮ್ಮನ ಮಾವ ಕುರ್ಚಿಯಲ್ಲಿದ್ದರು. ನಲವತ್ತು ವರ್ಷ ಪ್ರೆಸ್ಸಿನಲ್ಲಿ ಪ್ರೂಫು ತಿದ್ದಿದವರು. ಔಷಧಿ ಬಾಟಲಿಯ ಚೀಟಿಯಲ್ಲಿ ತಪ್ಪು ಸಿಕ್ಕಿದರೆ ತಿದ್ದಿಯೇ ಮಾತ್ರೆ ನುಂಗುತ್ತಿದ್ದರು.

"ಯಜಮಾನ್ರೇ, ಫಸಾಡ್ ಅಂದ್ರೇನು? ಬೈಗುಳವಾ?"

ಮುದುಕರ ಮುಖ ಅರಳಿತು. ರಟ್ಟು ಕಿತ್ತುಹೋದ ದಪ್ಪ ನಿಘಂಟನ್ನು ತೊಡೆಯ ಮೇಲಿಟ್ಟುಕೊಂಡು ಬೆರಳಾಡಿಸಿದರು.

"ಇಂಗ್ಲಿಷಿಗೆ ಫ್ರೆಂಚಿನಿಂದ ಬಂದಿದೆ. ಫ್ರೆಂಚಿಗೆ ಇಟಲಿಯಿಂದ. ಮೂರು ಕೆರೆ ನೀರು ಕುಡಿದ ಪದ ಕಣಯ್ಯ. ಬೇರಿನಲ್ಲಿ ಮುಖ ಅಂತ ಇದೆ. ಮುಖ, ಅದರಿಂದ ಕಟ್ಟಡದ ಮುಂದಿನ ಗೋಡೆ. ಆಮೇಲೆ ಇನ್ನೊಂದು ಅರ್ಥ ಸೇರ್ಕೊಂಡಿದೆ: ಒಳಗಿರೋದನ್ನ ಮರೆಮಾಚೋ ತೋರಿಕೆ."

"ಕೇಳಿಸ್ತಾ?" ಮೇಸ್ತ್ರಿ ಹಿಂದೆಯೇ ಬಂದಿದ್ದ ಮೈದುನನ ಕಡೆ ತಿರುಗಿದ. "ನನ್ನದು ಮೊದಲನೇ ಅರ್ಥ, ನಿನ್ನದು ಎರಡನೇದು!"

"ಅಪ್ಪಾ, ನೀವೂ ಇವರ ಕಡೆನಾ?"

"ನಾನು ಪುಸ್ತಕದ ಕಡೆ."

ಟೇಲರಮ್ಮ ಇಷ್ಟು ಹೊತ್ತೂ ಬಾಯಿಯಲ್ಲಿ ಗುಂಡುಪಿನ್ನು ಕಚ್ಚಿಕೊಂಡು ರವಿಕೆಗೆ ಮಡಿಕೆ ಹಾಕುತ್ತಿದ್ದಳು. ಈಗ ಒಂದೊಂದೇ ಪಿನ್ನು ತೆಗೆದು ಡಬ್ಬಿಗೆ ಹಾಕಿದಳು.

"ಆಯ್ತಾ ಇಬ್ಬರದ್ದೂ? ಮೇಸ್ತ್ರಿ, ಹೊಸ ಕೋಣೆಗೆ ಬನ್ನಿ. ಮೆಷಿನ್ ಮುಂದೆ ಈ ಸ್ಟೂಲ್ ಮೇಲೆ ಕೂತ್ಕೊಳ್ಳಿ. ಏನ್ ಕಾಣ್ಸುತ್ತೆ?"

ಮೇಸ್ತ್ರಿ ಕೂತ. ಕಿಟಕಿಯತ್ತ ನೋಡಿದ. "ಆಕಾಶ," ಎಂದ.

"ನಾನು ಆಕಾಶ ಹೊಲಿಯಲ್ಲ. ಸೂಜಿ ಹತ್ರ ನೋಡಿ, ಕತ್ತಲೆ. ಬಾಗಿಲಿಗೆ ಯಾರು ಬಂದ್ರೂ ಎದ್ದೇ ನೋಡ್ಬೇಕು."

ಮೇಸ್ತ್ರಿ ಬಗ್ಗಿ ಸೂಜಿಯ ಹತ್ತಿರ ನೋಡಿದ. ಅವನು ನಿಂತು ದುಡಿಯುವವನು. ಮೂವತ್ತು ವರ್ಷದಿಂದ ತನ್ನ ಎದೆಯ ಮಟ್ಟಕ್ಕೇ ಕಿಟಕಿ ಇಡುತ್ತ ಬಂದವನು. ಕೂತು ದುಡಿಯುವವರ ಕಣ್ಣು ಎಲ್ಲಿರುತ್ತದೆಂದು ಒಮ್ಮೆಯೂ ಯೋಚಿಸಿರಲಿಲ್ಲ. ಸಿಟ್ಟು ಬಂತು, ತೀರಿಸಿಕೊಳ್ಳೋಣವೆಂದರೆ ತನ್ನನ್ನು ಬಿಟ್ಟರೆ ಯಾರೂ ಸಿಗಲಿಲ್ಲ.

"ಮೊದಲೇ ಹೇಳೋದಲ್ವಾ ಅಕ್ಕಾ?"

"ಹೇಳೋಕೆ ಬಂದಾಗೆಲ್ಲ ನೀವು ಗೋಡೆ ಮುದ್ದಾಡ್ತಿದ್ರಿ."

ಒಳಗೆ ಮುದುಕರು ಕುರ್ಚಿ ಅಲುಗುವಷ್ಟು ನಕ್ಕರು. ಮೇಸ್ತ್ರಿಗೂ ತಡೆಯಲಾಗಲಿಲ್ಲ.

ಪುಣ್ಯಕ್ಕೆ ಬಡಗಿ ತಡ ಮಾಡಿದ್ದ, ಕಿಟಕಿಗೆ ಚೌಕಟ್ಟು ಇನ್ನೂ ಕೂರಿಸಿರಲಿಲ್ಲ. ಟೇಲರಮ್ಮ ಕೊರಳ ಟೇಪು ತೆಗೆದು, ಸೂಜಿಯ ಮಟ್ಟದಿಂದ ಅಳೆದು, ಬಟ್ಟೆಗೆ ಗುರುತು ಹಾಕುವ ಚಾಕಿನಿಂದಲೇ ಗೋಡೆಗೆ ಗೆರೆ ಎಳೆದಳು. "ಹದಿನಾಲ್ಕು ಇಂಚು ಇಳಿಸಿ."

ಮೇಸ್ತ್ರಿ ಉಳಿ ಇಟ್ಟು ಸುತ್ತಿಗೆ ಎತ್ತಿದ.

"ಅಂತೂ ಗೋಡೆ ಒಡೀತಿದ್ದೀರಲ್ಲ! ಹಾಗಾದ್ರೆ ನನ್ನ ಗಾಜು?" ಎಂದ ಮೈದುನ.

"ಕಿಟಕಿಗೆ ಎರಡು ತುಂಡು ಬೇಕಾಗುತ್ತೆ," ಎಂದಳು ಅತ್ತಿಗೆ. "ಆ ಕಡೆಯಿಂದ ಈ ಕಡೆ ಕಾಣೋ ಅಂಥದ್ದು."

ಅವನ ಕಿವಿ ಕೆಂಪಾಯಿತು. ನಕ್ಷೆಯನ್ನು ಕಂಕುಳಿಗೆ ಸಿಗಿಸಿ ಹೊರಟ.

"ಊಟ ಮಾಡ್ಕೊಂಡು ಹೋಗೋ!" ಅಪ್ಪ ಕೂಗಿದರು.

ಮೊದಲ ಇಟ್ಟಿಗೆ ಉರುಳಿತು, ಆಮೇಲೆ ಎರಡನೆಯದು. ಮೆಷಿನ್ನಿನ ಮೇಲೆ ಬೆಳಕು ಬಿತ್ತು. ಸ್ಟೂಲಿನ ಮೇಲೆ ಕೂತಲ್ಲಿಂದಲೇ ಟೇಲರಮ್ಮನಿಗೆ ಮೈದುನನ ಬೆನ್ನು ಬೀದಿಯ ತಿರುವಿನವರೆಗೂ ಕಂಡಿತು. ಊಟದ ಹೊತ್ತಾಯಿತು, ಸಂಜೆಯಾಯಿತು, ಆ ವಾರದೊಳಗೆ ಹೊಸ ಗಿಲಾವು ಒಣಗಿ ಸುಣ್ಣವೂ ಬಳಿದಾಯಿತು. ಅವನು ಆ ಕಡೆ ತಲೆ ಹಾಕಲೇ ಇಲ್ಲ.