ಕಳೆ

ಒಗೆದ ಬಟ್ಟೆಯ ರಾಶಿ ಹೊತ್ತು ಅತ್ತಿಗೆ ಕೋಣೆಯೊಳಗೆ ಬಂದದ್ದೇ ತಡ, ನಾದಿನಿ ಲ್ಯಾಪ್‌ಟಾಪಿನ ಮುಚ್ಚಳ ಮುಚ್ಚಿದಳು. ಮುಚ್ಚಿ, ಅದರ ಮೇಲೆ ಮೊಣಕೈ ಊರಿ, ಏನೂ ಆಗಿಲ್ಲವೆಂಬಂತೆ ಕಿಟಕಿಯ ಕಡೆ ನೋಡಿದಳು.

"ಆಫೀಸಿನ ಕೆಲ್ಸಾನಾ?" ಎಂದು ಅತ್ತಿಗೆ ಕೇಳಿದಳು.

"ಏನೋ ಸುಮ್ನೆ, ಅತ್ತಿಗೆ."

ಸುಮ್ಮನೆ ಮಾಡುವ ಕೆಲಸವನ್ನು ಯಾರೂ ಹಾಗೆ ಬಚ್ಚಿಡುವುದಿಲ್ಲ. ಅತ್ತಿಗೆ ಬಟ್ಟೆ ಮಡಚುತ್ತ ಕೂತಳು. ಅಲ್ಲೂ ಅವಳಿಗೆ ವಿಂಗಡಿಸುವ ಚಟ: ತುಂಬುತೋಳಿನವು ಒಂದು ಕಡೆ, ಅರ್ಧತೋಳಿನವು ಒಂದು ಕಡೆ. ಹೊಟ್ಟೆಪಾಡೂ ಅದೇ ಆಗಿತ್ತಲ್ಲ. ಆಸ್ಪತ್ರೆಗಳಿಗೆ ತಂತ್ರಾಂಶ ಮಾಡಿಕೊಡುವ ಕಚೇರಿಯಲ್ಲಿ, ಒಮ್ಮೆ ಬರೆದು ಹತ್ತು ಕಡೆ ಬಳಸುವಂಥ ಪ್ರೋಗ್ರಾಂ ತುಂಡುಗಳನ್ನು ಕಾಯುವವಳು ಅವಳು. ಆ ತುಂಡುಗಳಿಗೆ ಅಲ್ಲಿ ಬಿಡಿಭಾಗ ಎನ್ನುತ್ತಿದ್ದರು, ಅವುಗಳನ್ನು ಇಟ್ಟ ಜಾಗಕ್ಕೆ ಉಗ್ರಾಣ, ಅವಳಿಗೆ ಉಗ್ರಾಣಿ. ಯಾವುದು ಯಾವ ಗುಂಪಿಗೆ ಸೇರಬೇಕು, ಏನೆಂದು ಟೈಪಿಸಿದರೆ ಸಿಗಬೇಕು ಎಂಬುದೆಲ್ಲ ಅವಳದೇ ತೀರ್ಮಾನ. ಪಂಡಿತರ ಪದ ಅವಳಿಗೆ ಆಗಿಬರುತ್ತಿರಲಿಲ್ಲ. "ವ್ಯವಕಲನ ಅಂತ ಯಾವ ಪುಣ್ಯಾತ್ಮ ಹುಡುಕ್ತಾನೆ? ಕೂಡು ಅಂತ ಹಾಕಿ, ಕಳೆ ಅಂತ ಹಾಕಿ" ಎಂದು ಹೊಸಬರಿಗೆಲ್ಲ ಪಾಠ ಹೇಳುತ್ತಿದ್ದಳು. ನಾದಿನಿಗೂ ಹೇಳಿದ್ದಳು. ಅವಳನ್ನು ಅದೇ ಕಚೇರಿಗೆ ಸೇರಿಸಿ, ತನ್ನ ಪಕ್ಕದಲ್ಲೇ ಕೂರಿಸಿಕೊಂಡವಳೂ ಈ ಅತ್ತಿಗೆಯೇ.

ಉಗ್ರಾಣವನ್ನು ಇತ್ತೀಚೆಗೆ ಹೊಸ ಯಂತ್ರಕ್ಕೆ ಸಾಗಿಸಿದ್ದರು. ಯಾರೂ ಬಳಸದೆ ಬಿದ್ದದ್ದನ್ನೆಲ್ಲ ಮೊದಲೇ ಕಿತ್ತೆಸೆಯಿರಿ, ಹೊಸ ಜಾಗಕ್ಕೆ ಕಳೆ ತರಬೇಡಿ ಎಂದು ಮುಖ್ಯಸ್ಥರು ಅಪ್ಪಣೆ ಕೊಡಿಸಿದ್ದರು. ಹಳೆಯ ಯಂತ್ರದಲ್ಲಿದ್ದದ್ದನ್ನು ಪೂರ್ತಿ ಅಳಿಸಿ ಕಳಿಸಿದ ಮೇಲೆ ಗೊತ್ತಾಯಿತು, ಎರಡು ದಿನಾಂಕಗಳ ನಡುವಿನ ಅಂತರ ತೆಗೆಯುವ ಬಿಡಿಭಾಗಗಳು ಒಂದೂ ಇಲ್ಲ. ರೋಗಿಯ ವಯಸ್ಸಿಗೆ, ಮುಂದಿನ ಚುಚ್ಚುಮದ್ದಿಗೆ ಉಳಿದ ದಿನಕ್ಕೆ, ಎಲ್ಲಕ್ಕೂ ಅವೇ ಆಧಾರ. ಆಸ್ಪತ್ರೆಗಳಲ್ಲಿ ಓಡುತ್ತಿದ್ದದ್ದು ಓಡುತ್ತಲೇ ಇತ್ತು, ಆದರೆ ನಾಳೆ ತಿದ್ದಬೇಕೆಂದರೆ ಮೂಲ ಪ್ರತಿ ಎಲ್ಲೂ ಇರಲಿಲ್ಲ. ಉಗ್ರಾಣದಿಂದ ಅಳಿಸುವ ಪಾಸ್‌ವರ್ಡ್ ಇದ್ದದ್ದು ಅತ್ತಿಗೆ ನಾದಿನಿಯರ ಬಳಿ ಮಾತ್ರ. ಇಬ್ಬರಿಗೂ ಒಂದೇ ಪಾಸ್‌ವರ್ಡ್ ಆದ್ದರಿಂದ ಅಳಿಸಿದ ಕೈ ಯಾರದೆಂದು ಯಂತ್ರವೂ ಹೇಳಲಾರದು.

ಮುಖ್ಯಸ್ಥರಿಗೆ ಕಚೇರಿ ಇಟ್ಟ ಹೆಸರು 'ಹೌದಾ ಸಾಹೇಬರು'. ಯಾರು ಏನು ಹೇಳಿದರೂ ಹುಬ್ಬೇರಿಸಿ "ಹೌದಾ?" ಎನ್ನುವುದು ಅವರ ಅಭ್ಯಾಸ. ತಾನಂತೂ ಅವನ್ನು ಮುಟ್ಟಿಲ್ಲವೆಂದು ಅತ್ತಿಗೆ ಹೇಳಿದಾಗಲೂ ಅದನ್ನೇ ಅಂದರು. ಇದು ಕಳ್ಳತನವೇ, ಯಾರೋ ಹೊರಗೆ ಮಾರಿದ್ದಾರೆ, ವಾರದೊಳಗೆ ಒಂದು ಹೆಸರು ಬೇಕು, ಇಲ್ಲವಾದರೆ ಇಬ್ಬರೂ ಮನೆಗೆ ಹೋಗುವಿರಂತೆ ಎಂದರು.

ಅಂದಿನಿಂದ ಅತ್ತಿಗೆಯ ಕಣ್ಣು ನಾದಿನಿಯ ಬೆನ್ನ ಹಿಂದೆಯೇ. ಬಾಲ್ಕನಿಯಲ್ಲಿ ನಿಂತು ಅವಳು ಫೋನಿನಲ್ಲಿ ಪಿಸುಗುಡುವುದು, ಹತ್ತಿರ ಹೋದರೆ "ಆಮೇಲೆ ಮಾಡ್ತೀನಿ" ಎಂದು ಇಟ್ಟುಬಿಡುವುದು. ಈ ಮುಚ್ಚಳ ಬೇರೆ. ಊಟಕ್ಕೆ ಕೂತಾಗ ಅವಳು ತಟ್ಟೆಯಿಂದ ತಲೆ ಎತ್ತದೆ ಕೇಳಿದ ಮಾತಂತೂ ಅತ್ತಿಗೆಯ ಅನುಮಾನವನ್ನು ಗಟ್ಟಿ ಮಾಡಿತು.

"ಅತ್ತಿಗೆ, ಫೆಬ್ರವರಿ ಇಪ್ಪತ್ತೊಂಬತ್ತಕ್ಕೆ ಹುಟ್ಟಿದೋರ ವಯಸ್ಸನ್ನ ನಮ್ಮ ಹಳೇ ಬಿಡಿಭಾಗ ಹೇಗೆ ತೆಗೀತಿತ್ತು?"

ಮಾಲು ಸರಿಯಿದೆಯೋ ಇಲ್ಲವೋ ಎಂದು ಕೊಂಡವರು ಕೇಳಿರಬೇಕು, ಅದಕ್ಕೇ ಇವಳು ವಿಚಾರಿಸುತ್ತಿದ್ದಾಳೆ. ಅತ್ತಿಗೆ ನೆನಪಿಲ್ಲ ಎಂದಳು. ಇವಳಿಗಾಗಿ ಎಷ್ಟು ಜನರ ಕೈಕಾಲು ಹಿಡಿದಿದ್ದೆ ಎಂದು ಸಂಕಟವಾಯಿತು, ಸಂಕಟಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು.

ಮರುದಿನ ಬೆಳಿಗ್ಗೆ ಅವಳು ಸಾಹೇಬರ ಗಾಜಿನ ಕೋಣೆಗೆ ಹೋಗಿ ನಾದಿನಿಯ ಹೆಸರು ಹೇಳಿದಳು. ಫೋನು, ಮುಚ್ಚಳ, ಊಟದ ಹೊತ್ತಿನ ಪ್ರಶ್ನೆ, ಒಂದನ್ನೂ ಬಿಡಲಿಲ್ಲ. ಸಾಹೇಬರ ಹುಬ್ಬು ಅಂದು ಏರಲಿಲ್ಲ. "ಹೌದು," ಎಂದರು, "ನನಗೂ ಹಾಗೇ ಅನ್ಸಿತ್ತು."

ಅವಳು ತನ್ನ ಜಾಗಕ್ಕೆ ಬಂದು ಕೂತದ್ದೇ ನಾದಿನಿ ಕುರ್ಚಿ ಎಳೆದುಕೊಂಡು ಹತ್ತಿರ ಬಂದಳು. ಕಣ್ಣು ಕೆಂಪಗಾಗಿದ್ದವು, ಮುಖದಲ್ಲಿ ನಗುವಿತ್ತು. ಉಗ್ರಾಣದಲ್ಲಿ 'ಅಂತರ' ಎಂದು ಹುಡುಕಿ ನೋಡಿ ಎಂದಳು. ಅತ್ತಿಗೆ ಟೈಪಿಸಿದಳು. ಕಳೆದುಹೋದ ಬಿಡಿಭಾಗಗಳೆಲ್ಲ ಸಾಲಾಗಿ ನಿಂತಿದ್ದವು.

"ಎಲ್ಲಿಟ್ಟಿದ್ದೆ ಇಷ್ಟು ದಿನ?"

"ಎಲ್ಲಿಡ್ಲಿ? ಹೊಸದಾಗಿ ಬರ್ದೆ. ಮೊದ್ಲು ಅವನ್ನ ಬರೆದಿದ್ದ ನಮ್ಮ ಆಫೀಸಿನ ಹಿರಿಯರು ಕೆಲಸ ಬಿಟ್ಟು ಹೋಗಿದ್ರಲ್ಲ, ಅವರಿಗೆ ಫೋನ್ ಮಾಡಿ ಮಾಡಿ ತಲೆ ತಿಂದೆ." ನಾದಿನಿ ಆಚೀಚೆ ನೋಡಿ ದನಿ ತಗ್ಗಿಸಿದಳು. "ಅತ್ತಿಗೆ, ಬೇಡದ್ದನ್ನೆಲ್ಲ ಅಳಿಸೋ ಮುಂಚೆ ನೀವು ಅವಕ್ಕೆ ಒಂದು ಗುರುತಿನ ಪದ ಹಾಕಿದ್ರಲ್ಲ, ಏನದು?"

ಹೊಸ ಜಾಗಕ್ಕೆ ಕಳೆ ತರಬೇಡಿ ಎಂದಿದ್ದರು. ಅತ್ತಿಗೆ ನಗುತ್ತಲೇ ಪ್ರತಿಯೊಂದಕ್ಕೂ 'ಕಳೆ' ಎಂದು ಹಾಕಿದ್ದಳು. ಕೊನೆಗೆ 'ಕಳೆ' ಎಂದು ಹುಡುಕಿ, ಬಂದದ್ದನ್ನೆಲ್ಲ ಒಂದೇ ಏಟಿಗೆ ಅಳಿಸಿದ್ದಳು. ದಿನಾಂಕದಿಂದ ದಿನಾಂಕ ಕಳೆಯುವ ಬಿಡಿಭಾಗಗಳಿಗೂ ಹಿಂದೆ ತಾನೇ 'ಕಳೆ' ಎಂದು ಹಾಕಿಸಿದ್ದಳು; ಅದರಲ್ಲಿ ಯಾವ ಕಳೆ ಯಾವುದೆಂದು ನೋಡಿರಲಿಲ್ಲ.

"ಮೊದ್ಲೇ ಹೇಳಿದ್ರೆ ನೀವು ಸೀದಾ ಹೋಗಿ ಒಪ್ಕೊಂಡ್ಬಿಡ್ತಿದ್ರಿ. ನಿಮಗೆ ಸುಳ್ಳು ಹೇಳೋಕೆ ಬರಲ್ಲ. ಅದಕ್ಕೇ ಮುಚ್ಚಿಟ್ಟೆ." ನಾದಿನಿ ಅವಳ ಮೊಣಕೈ ತಿವಿದಳು. "ಈಗ ಸಾಗಿಸೋವಾಗ ಎಲ್ಲೋ ತಪ್ಪಿಹೋಗಿತ್ತು, ಸಿಕ್ತು ಅಂದ್ರಾಯ್ತು."

ಅಷ್ಟರಲ್ಲಿ ಗಾಜಿನ ಬಾಗಿಲು ತೆರೆದು ಸಾಹೇಬರು ನಾದಿನಿಯನ್ನು ಕರೆದರು. ಒಳ್ಳೇದೇ ಆಯ್ತು, ಈಗಲೇ ಹೇಳಿಬಿಡ್ತೀನಿ ಎಂದು ಅವಳು ಎದ್ದಳು. ನಾಚಿಕೆಯಿಂದ ಅತ್ತಿಗೆಯ ಕಿವಿ ಸುಡುತ್ತಿತ್ತು. ಏನು ಮಾಡಬೇಕೆಂದು ತಿಳಿಯದೆ ಪರದೆಯ ಮೇಲೆ 'ಕಳೆ' ಎಂದು ಟೈಪಿಸಿದಳು. ಏನೂ ಸಿಗಲಿಲ್ಲ ಎಂದು ಬಂತು. ಹೊಸ ಬಿಡಿಭಾಗಗಳಲ್ಲಿ ಒಂದಕ್ಕೂ ನಾದಿನಿ ಆ ಪದ ಹಾಕಿರಲಿಲ್ಲ.

ಅತ್ತಿಗೆ ಎದ್ದು ಗಾಜಿನ ಕೋಣೆಯ ಕಡೆ ನಡೆದಳು. ಒಳಗೆ ನಾದಿನಿ ಕೈ ಆಡಿಸುತ್ತ ಉತ್ಸಾಹದಿಂದ ಏನೋ ವಿವರಿಸುತ್ತಿದ್ದಳು. ಸಾಹೇಬರು ಅವಳ ಮಾತು ತಡೆದು, ಹೊರಗಿನಿಂದ ಬರುತ್ತಿದ್ದ ಅತ್ತಿಗೆಯ ಕಡೆ ಗದ್ದ ಎತ್ತಿ ತೋರಿಸಿ ಏನೋ ಹೇಳಿದರು. ಆಡುತ್ತಿದ್ದ ಕೈ ಅರ್ಧಕ್ಕೇ ನಿಂತಿತು. ನಾದಿನಿ ತಿರುಗಿ ನೋಡಿದಳು. ಬಾಗಿಲ ಹಿಡಿಯ ಮೇಲೆ ಕೈಯಿಟ್ಟ ಅತ್ತಿಗೆಗೆ ದನಿ ಕೇಳಿಸಲಿಲ್ಲ. ಗಾಜಿನಾಚೆ ನಾದಿನಿಯ ತುಟಿ ಅಲುಗಿದ್ದಷ್ಟೇ ಕಂಡಿತು.

"ಹೌದಾ?"